ನಿಂತಲ್ಲೇ ನಿಲ್ಲುವುದು ಯಾವ ಕ್ಲಾಸು?

1981ರ ಜೂನ್ ತಿಂಗಳ ಒಂದು ಭಾನುವಾರ, ಬೆಳಗ್ಗೆ ಏಳರಿಂದ ಎಂಟರೊಳಗೆ, ನನ್ನ ಮಾಮ ರಾಯಪುರಂನ ತಮ್ಮ ಬಾಡಿಗೆ ಮನೆಯ ಹಿತ್ತಲಿನಲ್ಲಿ ಒಂದೇ ಚಕ್ರದ ಸೈಕಲ್ಲಿನಿಂದ ಹನ್ನೊಂದು ಸಲ ಬಿದ್ದರು. ಎಣಿಸಿದವನು ನಾನು. ಬಿದ್ದದ್ದು ಒಂಬತ್ತೇ ಸಲ, ಉಳಿದೆರಡು ಸಲ ತಾವಾಗಿಯೇ ಇಳಿದದ್ದು ಎಂಬುದು ಮಾಮನ ಹೇಳಿಕೆ. ಪತ್ರಿಕೆಯಲ್ಲಿ ಕೆಲಸ ಮಾಡುವವನು ಎರಡೂ ಕಡೆಯ ಮಾತು ಬರೆಯಬೇಕಲ್ಲ, ಬರೆದಿದ್ದೇನೆ. ಹಿತ್ತಲ ಮೆಟ್ಟಿಲ ಮೇಲೆ ಕೂತಿದ್ದ ಮಾಮಿಯ ಅಭಿಪ್ರಾಯ ಬೇರೆಯೇ ಇತ್ತು: "ಇವ್ರು ಯಾವಾಗ ಬೀಳ್ಲಿಲ್ಲ ಅಂತ ಬರ್ಕೊಳೋ, ಪೇಪರ್ ಉಳಿಯುತ್ತೆ."

ಬೀಳುವವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ಬಿದ್ದದ್ದಕ್ಕೆ ಕ್ಲಾಸು ಕೊಡುವವರು ನನ್ನ ಮಾಮ ಒಬ್ಬರೇ!

ಇವರು ನನ್ನ ತಾಯಿಯ ತಮ್ಮ. ಮೈಸೂರಿನ ಕಡೆಯವರಾಗಿದ್ದರೆ ಸೋದರಮಾವ, ಅತ್ತೆ ಎನ್ನುತ್ತಿದ್ದೆವು. ಮೂರು ತಲೆಮಾರು ಮದರಾಸಿನ ನೀರು ಕುಡಿದ ನಮಗೆ ಅವರು ಮಾಮ, ಮಾಮಿ. ಮಾಮನಿಗೆ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಕೆಲಸ. ಯಾವ ಸರಕು ಯಾವ ಕ್ಲಾಸಿಗೆ ಸೇರುತ್ತದೆ, ದಾರಿಯಲ್ಲಿ ಒಡೆದರೆ ಹೊಣೆ ಯಾರದು ಎಂದು ತೀರ್ಮಾನಿಸುವ ಕೆಲಸ. ರೈಲ್ವೆ ಹೊಣೆಯಾದರೆ 'ರೈಲ್ವೆ ರಿಸ್ಕ್', ಕಳಿಸಿದವನೇ ಹೊಣೆಯಾದರೆ 'ಓನರ್ಸ್ ರಿಸ್ಕ್'. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮನುಷ್ಯನಿಗೆ ಮನೆಗೆ ಬಂದ ಮೇಲೂ ಕೈ ಸುಮ್ಮನಿರುತ್ತದೆಯೇ? ಮಾಮಿ ಮೊದಲ ಸಲ ಮೈಸೂರುಪಾಕು ಮಾಡಿದಾಗ ಅದನ್ನು ಕಟ್ಟಡದ ಕಲ್ಲಿನ ಕ್ಲಾಸಿಗೆ ಸೇರಿಸಿದ್ದರು. ಒಂದು ವಾರ ಹೋಟೆಲಿನಲ್ಲಿ ಊಟ ಮಾಡಿದರು. ಓನರ್ಸ್ ರಿಸ್ಕ್!

ಒಂಟಿ ಚಕ್ರದ ಹುಚ್ಚು ಹಿಡಿದದ್ದು ಊರಿಗೆ ಸರ್ಕಸ್ ಬಂದಾಗ. ಸರ್ಕಸ್ ಹೋಯಿತು, ಹುಚ್ಚು ಹೋಗಲಿಲ್ಲ. ಸೌಕಾರ್‌ಪೇಟೆಯ ಒಬ್ಬ ಸೈಕಲ್ ಮೆಕ್ಯಾನಿಕ್ಕನ ಹತ್ತಿರ ಹಳೆಯ ಸೈಕಲ್ ಕತ್ತರಿಸಿ, ಚಕ್ರದ ಅಚ್ಚಿಗೇ ಪೆಡಲ್ ಜೋಡಿಸಿ ಒಂದು ಒಂಟಿ ಚಕ್ರ ಮಾಡಿಸಿದರು. ಆ ಪುಣ್ಯಾತ್ಮ ಫ್ರೀವೀಲನ್ನು ಹಾಗೆಯೇ ಬಿಟ್ಟಿದ್ದ. ಅಂದರೆ ಹಿಂದಕ್ಕೆ ತುಳಿದರೆ ಕಟಕಟ ಸದ್ದು ಬರುತ್ತದೆ, ಚಕ್ರ ಮಾತ್ರ ತನ್ನ ಪಾಡಿಗೆ ಮುಂದೆ ಓಡುತ್ತದೆ. ಮೊದಲ ದಿನ ಮಾಮ ನಿಲ್ಲಿಸಲಾಗದೆ ಬೀದಿಯ ಕೊನೆಯವರೆಗೂ ಕಟಕಟ ಎನ್ನುತ್ತಾ ಹೋಗಿ, ಒಂದು ಮೀನಿನ ಬುಟ್ಟಿಯ ಸಹಾಯದಿಂದ ನಿಂತರು. ಶುದ್ಧ ಸಸ್ಯಾಹಾರಿ ಮನೆಗೆ ಅಂದು ಅವರು ಹೊತ್ತು ತಂದ ವಾಸನೆ! ಮರುದಿನ ಜಗಳಕ್ಕೆ ಹೋದರೆ ಮೆಕ್ಯಾನಿಕ್ ಶಾಂತವಾಗಿ, "ಬ್ರೇಕ್ ನೀಂಗ ಕೇಕ್ಕಲೆಯೇ ಸಾರ್" ಎಂದನಂತೆ. ಬ್ರೇಕು ಬೇಕೆಂದು ಕೇಳಲಿಲ್ಲವಲ್ಲ! ಫ್ರೀವೀಲಿಗೆ ವೆಲ್ಡಿಂಗ್ ಬಿದ್ದ ಮೇಲೆ ಪೆಡಲು, ಚಕ್ರ ಎರಡೂ ಮಾಮನ ಮಾತು ಕೇಳತೊಡಗಿದವು.

ಆರು ತಿಂಗಳಲ್ಲಿ ಸವಾರಿ ಬಂತು. ಮತ್ತೆರಡು ವರ್ಷದಲ್ಲಿ ಕಸರತ್ತುಗಳೂ ಒಂದೊಂದಾಗಿ ಬಂದವು. ಆಗ ಹಿತ್ತಲ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಪಟ್ಟಿ ಹುಟ್ಟಿತು. ಯಾವ ಕಸರತ್ತು ಎಷ್ಟು ಕಷ್ಟ? ಹಿಂದಕ್ಕೆ ತುಳಿಯುವುದಕ್ಕೆ ಹತ್ತಿಯ ಕ್ಲಾಸು. ಒಂದೇ ಕಾಲಿನಲ್ಲಿ ತುಳಿಯುವುದಕ್ಕೆ ಪಿಂಗಾಣಿಯ ಕ್ಲಾಸು. ಸೀಟನ್ನು ಕೆಳಗಿನಿಂದ ಎಳೆದು ಮುಂದೆ ಕೈಯಲ್ಲಿ ಹಿಡಿದು, ಪೆಡಲ್ ಮೇಲೆ ನಿಂತು ಹೋಗುವುದಕ್ಕೆ ಗಾಜಿನ ಕ್ಲಾಸು. ಎಲ್ಲಕ್ಕಿಂತ ಮೇಲೆ 'ಟಯರ್ ನಡಿಗೆ'. ಪೆಡಲ್ ಪೂರ್ತಿ ಬಿಟ್ಟು, ಎರಡು ಪಾದಗಳಿಂದ ಟಯರನ್ನೇ ತಳ್ಳುತ್ತಾ ಸಾಗುವುದು. ಅದಕ್ಕೆ ಪಟಾಕಿಯ ಕ್ಲಾಸು! ಪಟ್ಟಿಯ ತೀರಾ ಕೆಳಗೆ, ಉಪ್ಪಿನ ಮೂಟೆಯ ಕ್ಲಾಸಿನಲ್ಲಿ, 'ನಿಂತಲ್ಲೇ ನಿಲ್ಲುವುದು' ಎಂದಿತ್ತು.

"ಅದನ್ನ ಮಾಡಿ ನೋಡಿದ್ದೀರಾ ಮಾಮ?" ಎಂದು ಕೇಳಿದೆ.

"ಮಾಡೋದೇನೋ ಅದನ್ನ? ಗೋಡೌನಲ್ಲಿ ನಿಂತಿರೋ ಸರಕಿಗೆ ಏನೋ ರಿಸ್ಕು? ಹೊರಟ ಸರಕಿಗೆ ತಾನೇ ರಿಸ್ಕು!"

ರೈಲ್ವೆ ಮನುಷ್ಯ ಮಾತ್ರ ಮಾಡಬಲ್ಲ ತಪ್ಪು ಇದು. ಆಗ ನಮಗೆ ಯಾರಿಗೂ ಅದು ತಪ್ಪೆಂದು ಹೊಳೆಯಲಿಲ್ಲ.

ಇಲ್ಲಿ ಮಾಮಿಯ ವಿಷಯ ಹೇಳಬೇಕು. ಮಾಮಿ ಪ್ರೈಮರಿ ಶಾಲೆಯ ಟೀಚರು. ಹಿಂದಿನ ವರ್ಷ ಶ್ವಾಸಕೋಶದ ಕಾಯಿಲೆಗೆ ತಿಂಗಳುಗಟ್ಟಲೆ ಇಂಜೆಕ್ಷನ್ ತೆಗೆದುಕೊಂಡರು. ಕಾಯಿಲೆ ವಾಸಿಯಾಯಿತು. ಆದರೆ ಆ ಇಂಜೆಕ್ಷನ್ನಿನಿಂದ, ಮೈಯನ್ನು ನೆಟ್ಟಗೆ ನಿಲ್ಲಿಸುವ ಏನೋ ಒಂದು ಕಿವಿಯೊಳಗೆ ಕೆಟ್ಟಿತು. ಮುಖ ತೊಳೆಯಲು ಕಣ್ಣು ಮುಚ್ಚಿದರೆ ನಲ್ಲಿಯನ್ನು ಹಿಡಿದುಕೊಳ್ಳಬೇಕು. ಮನೆಯೊಳಗೆ ಗೋಡೆ ಹಿಡಿದೇ ಓಡಾಟ. ರಜೆ ಆಗಸ್ಟಿನಲ್ಲಿ ಮುಗಿಯುತ್ತಿತ್ತು. ಅಷ್ಟರಲ್ಲಿ ಸರ್ಕಾರಿ ಡಾಕ್ಟರ ಮುಂದೆ ನಿಂತು ಕೆಲಸಕ್ಕೆ ಯೋಗ್ಯಳು ಎನ್ನಿಸಿಕೊಳ್ಳಬೇಕು, ಇಲ್ಲವಾದರೆ ಹದಿನಾರು ವರ್ಷದ ಕೆಲಸ ಹೋಗುತ್ತದೆ. ಪಾದ ಜೋಡಿಸಿ, ಕಣ್ಣು ಮುಚ್ಚಿ, ಇಪ್ಪತ್ತು ಎಣಿಸುವವರೆಗೆ ನಿಲ್ಲುವುದನ್ನು ದಿನಾ ಅಭ್ಯಾಸ ಮಾಡಿ ಎಂದು ಆಸ್ಪತ್ರೆಯವರು ಹೇಳಿದ್ದರು. ಮಾಮಿ ನಾಲ್ಕಕ್ಕೇ ವಾಲುತ್ತಿದ್ದರು. ನಿಲ್ಲಲೇ ಬಾರದವಳು ನಡೆಯುವುದೇನು ಎಂದುಕೊಂಡು, ಮೇ ತಿಂಗಳಲ್ಲಿ ಅಭ್ಯಾಸ ಬಿಟ್ಟರು. ರಾಜೀನಾಮೆಯ ಕಾಗದವನ್ನೂ ಬರೆದಿಟ್ಟರು.

ಪಟ್ಟಿಯನ್ನು ತಲೆಕೆಳಗು ಮಾಡಿದ್ದು ಬಂದರಿನ ಗೇಟಿನ ಬಳಿ ಅಕ್ಕಿಹಿಟ್ಟನ್ನು ಹಬೆಯಲ್ಲಿ ಬೇಯಿಸಿ ಪುಟ್ಟು ಮಾರುತ್ತಿದ್ದ ಒಬ್ಬ ಹೆಂಗಸು. ಕೇರಳದ ತಲಶೇರಿಯವರು, ಹನ್ನೆರಡು ವರ್ಷ ಸರ್ಕಸ್ಸಿನಲ್ಲಿ ಒಂಟಿ ಚಕ್ರ ತುಳಿದವರು. ಇದು ಗೊತ್ತಾದ ದಿನವೇ ಮಾಮ ಪಟ್ಟಿಯನ್ನು ಕಾಗದಕ್ಕೆ ಇಳಿಸಿಕೊಂಡು, ನನ್ನನ್ನೂ ಎಳೆದುಕೊಂಡು ಹೋದರು. ಆಕೆ ಒಂದು ಕೈಯಲ್ಲಿ ಪುಟ್ಟು ಕೊಡುತ್ತಾ, ಮಾಮ ಓದಿದ್ದನ್ನು ಕೇಳಿದರು. ಕೊನೆಯ ಸಾಲಿಗೆ ನಕ್ಕುಬಿಟ್ಟರು.

"ಸಾರ್, ಓಡೋದು ಈಸಿ. ಚಕ್ರ ಓಡ್ತಿದ್ರೆ ಅದೇ ನಮ್ಮನ್ನ ಹಿಡ್ಕೊಳುತ್ತೆ. ಚುಮ್ಮಾ, ಸುಮ್ನೆ ಒಂದೇ ಕಡೆ ನಿಲ್ಲೋದು ಇದೆ ನೋಡಿ, ನಂಗೆ ಕಲಿಯೋಕೆ ಎರಡು ವರ್ಷ ಆಯ್ತು." ತಮಿಳಿನಲ್ಲಿ ಹೇಳಿದ ಮಾತಿದು, ಕನ್ನಡಕ್ಕೆ ತಂದವನು ನಾನು.

ಮಾಮ ನಂಬಲಿಲ್ಲ. ನಂಬದೆ ಮಾಡಿ ನೋಡಿದ್ದರ ಫಲವೇ ಆ ಭಾನುವಾರದ ಹನ್ನೊಂದು. ಹನ್ನೊಂದನೆಯದರ ನಂತರ ನೆಲದ ಮೇಲೆಯೇ ಕಾಲು ಚಾಚಿ ಕೂತು, ಸ್ವಲ್ಪ ಹೊತ್ತು ಮಾಮಿಯನ್ನೇ ನೋಡಿದರು.

"ಲೇ, ನಿನಗೆ ಮೊದಲು ನಿಲ್ಲೋಕೆ ಹೇಳಿದ್ರಲ್ಲ?"

"ಹೂಂ. ಯಾಕೆ?"

"ಪಟಾಕಿ ಕ್ಲಾಸನ್ನ ನಿಂಗೆ ಉಪ್ಪಿನ ಮೂಟೆ ಅಂತ ಕೊಟ್ಟಿದ್ದಾರೆ ಕಣೇ! ಏಳು. ನಿಲ್ಲಬೇಡ. ನಡಿ."

"ಬಿದ್ರೆ?"

"ಕ್ಲೇಮ್ ಹಾಕು. ರೈಲ್ವೆ ರಿಸ್ಕು."

ಮರುದಿನದಿಂದ ಬೆಳಗ್ಗೆ ಆರಕ್ಕೆ ನಮ್ಮ ಬೀದಿಗೆ ಪುಕ್ಕಟೆ ಸರ್ಕಸ್. ಚಕ್ರದ ಮೇಲೆ ಮಾಮ, ಪಕ್ಕದಲ್ಲಿ ಅವರ ಷರಟಿನ ತುದಿ ಹಿಡಿದು ಮಾಮಿ. ಮಾಮನಿಗೆ ನಿಧಾನವಾಗಿ ಹೋಗಲು ಬರುವುದಿಲ್ಲ, ನಿಧಾನಿಸಿದರೆ ಬೀಳುತ್ತಾರೆ. ಹಾಗಾಗಿ ಮಾಮಿ ದಡದಡನೆ ನಡೆಯಲೇಬೇಕು. ವಿಚಿತ್ರವೆಂದರೆ, ದಡದಡನೆ ನಡೆದಾಗ ಮಾಮಿ ವಾಲುತ್ತಿರಲಿಲ್ಲ!

"ಏನ್ರೀ, ನಿಮ್ಮನ್ನ ಹಿಡ್ಕೊಂಡು ನಾನು ನಡೀತಿದೀನೋ, ನನ್ನ ನಂಬ್ಕೊಂಡು ನೀವು ಹೋಗ್ತಿದೀರೋ?"

"ಮಾತಾಡ್ಬೇಡ, ಬೀಳ್ತೀನಿ!"

ಮನೆಯ ಮಾಲೀಕರು ಹಲ್ಲುಜ್ಜುತ್ತಾ ಜಗಲಿಯಲ್ಲಿ ನಿಂತು, "ಇಂದ ವಯಸ್ಸಿಲೆ ಇದೆಲ್ಲಾಂ ತೇವೈಯಾ ಸಾರ್?" ಎಂದು ದಿನಾ ಕೇಳುತ್ತಿದ್ದರು. ಈ ವಯಸ್ಸಿನಲ್ಲಿ ಇದೆಲ್ಲ ಬೇಕೇ ಎಂಬ ಪ್ರಶ್ನೆಗೆ ಮಾಮ ಉತ್ತರ ಹೇಳುವಷ್ಟರಲ್ಲಿ ಬೀದಿಯ ತಿರುವು ದಾಟಿರುತ್ತಿದ್ದರು. ನಾಲ್ಕನೇ ವಾರ ಷರಟಿನ ತುದಿ ಹೋಗಿ ಬರೀ ಒಂದು ಕರ್ಚೀಫು ನಡುವೆ ಉಳಿಯಿತು, ಒಂದು ತುದಿ ಇವರ ಕೈಯಲ್ಲಿ, ಇನ್ನೊಂದು ಅವರ ಕೈಯಲ್ಲಿ. ಆರನೇ ವಾರ ಕರ್ಚೀಫನ್ನು ಮಾಮಿ ಬೆವರು ಒರೆಸಿಕೊಳ್ಳಲು ತೆಗೆದುಕೊಂಡರು, ಹಿಂದಕ್ಕೆ ಕೊಡಲಿಲ್ಲ.

ಆಗಸ್ಟಿನಲ್ಲಿ ಪರೀಕ್ಷೆ. ಮಾಮನೂ ನಾನೂ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆವು. ಬಾಗಿಲು ಅರ್ಧ ತೆರೆದಿತ್ತು. ಡಾಕ್ಟರು ನೆಲದ ಮೇಲಿನ ಗೆರೆಯಲ್ಲಿ ನಡೆಯಲು ಹೇಳಿದರು. ಮಾಮಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಲು ಹೊರಟ ಮೇಷ್ಟರ ಹಾಗೆ, ಸರಸರ ಹೋಗಿ ಬಂದರು. ಇನ್ನು ಪಾದ ಜೋಡಿಸಿ, ಕಣ್ಣು ಮುಚ್ಚಿ ನಿಲ್ಲಿ ಎಂದರು ಡಾಕ್ಟರು. ಎಣಿಕೆ ಒಂಬತ್ತಕ್ಕೆ ಬಂದಾಗ ಮಾಮಿ ವಾಲಿ, ಒಂದು ಹೆಜ್ಜೆ ಪಕ್ಕಕ್ಕಿಟ್ಟರು. ಮಾಮ ಬೆಂಚಿನಿಂದ ಅರ್ಧ ಎದ್ದರು.

"ಇಪ್ಪತ್ತು ಆಗಲಿಲ್ಲವಲ್ಲಮ್ಮ," ಎಂದರು ಡಾಕ್ಟರು ಇಂಗ್ಲಿಷಿನಲ್ಲಿ.

"ಮೂರನೇ ಕ್ಲಾಸಿನ ಮಕ್ಕಳ ಮುಂದೆ ಇಪ್ಪತ್ತು ಎಣಿಸೋವರೆಗೆ ಕಣ್ಣು ಮುಚ್ಚಿ ನಿಂತ್ಕೊಳೋ ಟೀಚರನ್ನ ನೀವು ನೋಡಿದ್ದೀರಾ ಡಾಕ್ಟರ್?" ಎಂದರು ಮಾಮಿ, ಅವರೂ ಇಂಗ್ಲಿಷಿನಲ್ಲಿ.

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು. ಆಮೇಲೆ ನಕ್ಕರು. ಮೂರು ತಿಂಗಳ ಮಟ್ಟಿಗೆ, ಕೆಳಮಹಡಿಯ ತರಗತಿಗೆ, ಎಂದು ಬರೆದುಕೊಟ್ಟರು. ಮಾಮಿ ಹೊರಗೆ ಬಂದಾಗ ಮಾಮ ಅಭ್ಯಾಸದಂತೆ ಕೈ ಚಾಚಿದರು. ಮಾಮಿ ಆ ಕೈಗೆ ತಮ್ಮ ಚೀಲ ಕೊಟ್ಟು, ಬಸ್ ಸ್ಟಾಪಿನ ಕಡೆ ಮುಂದೆ ನಡೆದರು. ಮಾಮ ಚೀಲ ಎದೆಗೆ ಅವಚಿಕೊಂಡು ಅಲ್ಲಿಯೇ ನಿಂತುಬಿಟ್ಟರು. ಎಷ್ಟು ಹೊತ್ತು ನಿಂತರು ಎಂದು ನಾನು ಎಣಿಸಲಿಲ್ಲ.

ಮೂರು ತಿಂಗಳ ನಂತರ ಮಾಮಿಯ ಕೆಲಸ ಖಾಯಂ ಆಗಿ ಮರಳಿತು. ಮರುವರ್ಷದ ಫೆಬ್ರವರಿಯಲ್ಲಿ ಅವರು ಮೂರನೇ ಕ್ಲಾಸಿನ ಮಕ್ಕಳನ್ನು ಮೆರೀನಾ ಬೀಚಿಗೆ ಕರೆದುಕೊಂಡು ಹೋಗಿದ್ದರು. ಮಾಮ ಅಂದು ಆಫೀಸಿನಲ್ಲಿದ್ದರು. ಮಾಮಿ ಮರಳಿನಲ್ಲಿ ಒಂದು ಸಲ ಬಿದ್ದರು, ತಾವೇ ಎದ್ದರು, ಮಕ್ಕಳನ್ನು ನೀರಿನ ಅಂಚಿನವರೆಗೂ ಕರೆದೊಯ್ದರು.