‘ನಾಳಿ ಬಾ’ ರೋಗಕ್ಕೆ ನಾನು ಕೊಟ್ಟ ಮದ್ದು

ಕುಂದಗೋಳದ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಟೇಲರಿಂಗ್ ಅಂಗಡಿ ಇದೆ. ಗಂಡ ತೀರಿಕೊಂಡ ಮೇಲೆ ನನಗೆ ಮನೆಯೂ ಅದೇ, ಲೋಕವೂ ಅದೇ. ಇಂಥ ನಾನು ಹುಬ್ಬಳ್ಳಿಯಲ್ಲಿ ನಡೆದ ಸ್ಟಾರ್ಟಪ್ ತರಬೇತಿಗೆ ಹೋದೆ. ಹೋಗುವಾಗ ಟೇಲರ್ ಸಾವಿತ್ರಿ. ಬರುವಾಗ ಕಂಪನಿಯ ಸಂಸ್ಥಾಪಕಿ!

“ಮೊದಲು ಬಳಕೆದಾರರ ನೋವು ಹುಡುಕಿ, ಆಮೇಲೆ ಪ್ರಾಡಕ್ಟ್ ಡಿಸೈನ್ ಮಾಡಿ” ಎಂದಿದ್ದರು ಅಲ್ಲಿನ ಮೇಡಂ. ಮರುದಿನ ಅಂಗಡಿಗೆ ಬಂದ ಹಿಂದಿನ ಓಣಿಯ ನೀಲಕ್ಕನನ್ನೇ ಹಿಡಿದೆ.

“ಅಕ್ಕಾ, ನಿನ್ನ ನೋವೇನು ಹೇಳ.”

“ಮೊಣಕಾಲು.”

“ಅದಲ್ಲಕ್ಕಾ, ನನ್ನ ಅಂಗಡಿಯಿಂದ ಏನ್ ತ್ರಾಸ ಆಗೇತಿ?”

“ಅದನ್ನೂ ಕೇಳ್ತಿಯೇನಬೇ! ಒಂದ್ ಜಂಪರ್ ಸಲುವಾಗಿ ‘ನಾಳಿ ಬಾ, ನಾಳಿ ಬಾ’ ಅಂತ ತಿರುಗಸ್ತೀದಿ. ಅದಕ್ಕ ಮೊಣಕಾಲ ನೋಯ್ತಾವ!”

ಬೈದು ಮುಗಿಸಿ, ಎಂದಿನಂತೆ ಚಾಪೆಯ ಮೇಲೆ ಕೂತು, ಯಾರದೋ ಜಂಪರಿಗೆ ಹುಕ್ಕು ಹಚ್ಚುತ್ತ ಓಣಿಯ ಸುದ್ದಿಯನ್ನೆಲ್ಲ ಹೇಳಿದಳು. ನಾನು ಸುದ್ದಿ ಕೇಳಲಿಲ್ಲ. ನೋವು ಸಿಕ್ಕ ಸಂಭ್ರಮದಲ್ಲಿದ್ದೆ.

ಹುಬ್ಬಳ್ಳಿಯ ಇಂಜಿನಿಯರ್ ಒಬ್ಬಳು ಆ್ಯಪ್ ಮಾಡಿಕೊಟ್ಟಳು. ತಲೆ ಓಡಿಸಿದವಳು ನಾನು. ಬಟ್ಟೆ ಕೊಟ್ಟಾಗ ಗಿರಾಕಿಯ ಫೋನಿನಲ್ಲಿ ಕೆಂಪು ದೀಪ, ಕತ್ತರಿಸಿದಾಗ ಹಳದಿ, ಹೊಲಿದು ಮುಗಿದಾಗ ಹಸಿರು. ಹಸಿರಾಗುವ ತನಕ ಯಾರೂ ಬರಬೇಕಿಲ್ಲ. ಸುಳ್ಳು ಹೇಳುವ ಅಗತ್ಯವೇ ಇಲ್ಲದ ಟೇಲರ್ ಈ ಭೂಮಂಡಲದಲ್ಲಿ ನಾನೊಬ್ಬಳೇ!

ಯಾರೂ ಬರಲಿಲ್ಲ. ಹಸಿರಾದ ದಿನ ಬಂದವರು ಚಪ್ಪಲಿ ಕೂಡ ಬಿಡದೆ, ಜಂಪರು ತೆಗೆದುಕೊಂಡು ಹೋದರು. ಕೆಲವರಿಗೆ ಅಷ್ಟು ಬರುವುದೂ ತ್ರಾಸವೆನಿಸಿತು. ಸಂಸ್ಥಾಪಕಿ ಸುಮ್ಮನಿರುತ್ತಾಳೆಯೇ? ಬಟ್ಟೆ ತಂದು ಒಯ್ಯಲು ಬಸ್ ಸ್ಟ್ಯಾಂಡಿನ ಇಮಾಮಸಾಬನ ಆಟೋವನ್ನು ಆ್ಯಪಿಗೆ ಸೇರಿಸಿದೆ. ಅಂದಿನಿಂದ ನನ್ನ ಗಿರಾಕಿಗಳು ಬರಿಯ ಕೈಚೀಲಗಳಾದರು. ಚೀಲದೊಳಗೆ ಹೊಸ ಬಟ್ಟೆ, ಜೊತೆಗೆ ಅಳತೆಗೊಂದು ಹಳೆಯ ಜಂಪರು. ಚೀಲಗಳು ಮಾತಾಡುವುದಿಲ್ಲ.

ಮೇಡಂಗೆ ಫೋನ್ ಮಾಡಿ ಅತ್ತುಕೊಂಡೆ.

“ಒಬ್ಬ ಗ್ರಾಹಕರೂ ಅಂಗಡಿಗೆ ಬರುತ್ತಿಲ್ಲವೇ? ಅದ್ಭುತ!” ಎಂದರು.

ಆ ಅದ್ಭುತವನ್ನು ಅನುಭವಿಸುತ್ತ ಕೂತೆ. ಯಾರ ಮನೆಯಲ್ಲಿ ಜಗಳ, ಯಾರ ಸೊಸೆ ತವರಿಗೆ ಹೋದಳು, ಒಂದೂ ತಿಳಿಯದು. ಬೇಸರವೆಂದರೆ ಅಂಥ ಬೇಸರ. ಜಂಪರು ಬೇಗ ಹೊಲಿದು ಕೊಟ್ಟರೆ ನೀಲಕ್ಕ ಬರುವುದಿಲ್ಲವಲ್ಲ ಎಂದೇ ಇಷ್ಟು ವರ್ಷ ಆಕೆಯನ್ನು ತಿರುಗಿಸುತ್ತಿದ್ದೆ ಎಂಬುದು ಆಗ ನನಗೇ ತಿಳಿಯಿತು!

ಕೂಡಲೇ ಆ್ಯಪಿನಲ್ಲಿ ಹೊಸ ಬಟನ್ ಹಾಕಿಸಿದೆ: ‘ಸುಮ್ಮನೆ ಬಂದು ಕೂತು ಹೋಗಿ.’ ಒಂದು ದಿನ ಯಾರೋ ಒತ್ತಿದರು. ಎದ್ದು ಕಸ ಹೊಡೆದು, ಚಾಪೆ ಝಾಡಿಸಿ ಹಾಸಿದೆ. ಅಷ್ಟರಲ್ಲಿ ಸಂದೇಶ ಬಂತು: ‘ತಪ್ಪಿ ಒತ್ತೀನ್ರಿ.’

ಕೊನೆಗೆ ನಾಚಿಕೆ ಬಿಟ್ಟೆ. ನೀಲಕ್ಕನ ಜಂಪರಿಗೆ ಇನ್ನೂ ಕತ್ತರಿ ಕೂಡ ಮುಟ್ಟಿಸಿರಲಿಲ್ಲ. ಹಸಿರು ಒತ್ತಿಬಿಟ್ಟೆ! ಬರಲಿ, ಬಯ್ಯಲಿ. ಬೈದ ಮೇಲೆ ಕೂರುತ್ತಾಳಲ್ಲ, ಅಷ್ಟು ಸಾಕು. ಆಕೆಗೆ ಇಷ್ಟವೆಂದು ಶುಂಠಿ ಜಜ್ಜಿ ಹಾಕಿ ಇಬ್ಬರಿಗೆ ಚಹಾ ಮಾಡಿದೆ.

ಹೊರಗೆ ಆಟೋ ನಿಂತಿತು. ಇಮಾಮಸಾಬ ಒಬ್ಬನೇ ಇಳಿದು ಬಂದ.

“ಅಕ್ಕಾರ, ನೀಲಕ್ಕನ ಜಂಪರ್ ಕೊಡ್ರಿ.”

“ಆಕಿ ಬರಲಿಲ್ಲೇನಪಾ?”

“ಆಕಿ ಯಾಕ ಬರಬೇಕ್ರಿ? ನಾ ಅದೀನಲ್ಲ!”

“ಇನ್ನೂ ಹೊಲದಿಲ್ಲಪಾ, ತಪ್ಪಿ ಹಸಿರು ಆಗೇತಿ” ಎಂದೆ. ಅವನು ಹೊರಡಲು ತಿರುಗಿದ. ನನ್ನಿಂದ ತಡೆಯಲಾಗಲಿಲ್ಲ.

“ಚಾ ಆಗೇತಿ. ಕುಂತು ಕುಡದು ಹೋಗು. ನಿಮ್ಮ ಮನಿ ಕಡೆ ಏನ್ ಸುದ್ದಿ?”

ಪಾಪ, ಅವನಿಗೂ ಕೂರುವ ಮನಸ್ಸಿತ್ತು. ಆದರೆ ಅವನ ಕೈಯಲ್ಲಿದ್ದ ಫೋನು ಆಗಲೇ ಕಿರುಚತೊಡಗಿತ್ತು.

“ಹೆಂಗ ಕುಂಡ್ರಲಿ ಅಕ್ಕಾರ? ಅಂಗಡ್ಯಾಗ ಎರಡ ನಿಮಿಷಕ್ಕಿಂತ ಜಾಸ್ತಿ ನಿಂತ್ರ ಇದು ಒದರತೈತಿ. ನೀವ ಹಂಗ ಮಾಡಿಸೀರಲ್ರಿ!”

ಆಟೋ ಹೋಯಿತು. ಎರಡೂ ಕಪ್ ಚಹಾ ನಾನೇ ಕುಡಿದು, ಆ್ಯಪನ್ನು ಮೇಲಿಂದ ಕೆಳಗಿನವರೆಗೆ ಪರೀಕ್ಷೆ ಮಾಡಿದೆ. ಎಷ್ಟು ಹುಡುಕಿದರೂ ಒಂದೇ ಒಂದು ದೋಷ ಸಿಗಲಿಲ್ಲ!