ಮೂವತ್ತೊಂದು ವಯಸ್ಸಿನವರೇ ಇಲ್ಲದ ಜಿಲ್ಲೆ

ಹೆಂಗಸರ ವಯಸ್ಸನ್ನೂ ಗಂಡಸರ ಸಂಬಳವನ್ನೂ ಕೇಳಬಾರದು ಎನ್ನುತ್ತಾರೆ. ಸರಕಾರಕ್ಕೆ ಈ ಮರ್ಯಾದೆಯೆಲ್ಲ ಇಲ್ಲ. ಜನಗಣತಿ ಬಂದಾಗ ಮನೆಬಾಗಿಲಿಗೇ ಜನ ಕಳಿಸಿ ಕೇಳಿಸುತ್ತದೆ. ನಾನಾದರೋ ಸರಕಾರಕ್ಕಿಂತ ಒಂದು ಕೈ ಮೇಲು. ಸತ್ತು ನೂರು ವರ್ಷ ಕಳೆದವರ ವಯಸ್ಸನ್ನೂ ಬಿಡದೆ ಕೆದಕಿದವಳು. ಕೆದಕಿ ಸುಮ್ಮನಿದ್ದೆನೇ? ಅವರನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ನಗು ತಿರುಗಿ ನನ್ನ ಕುತ್ತಿಗೆಗೇ ಬಂದಿತ್ತು. ಹೇಗೋ ಮಾನ ಉಳಿಯಿತು. ಅಬ್ಬಾ ಅಂತ ಉಸಿರು ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ಐವತ್ತನೇ ವಯಸ್ಸಿನಲ್ಲಿ ನನಗೆ ಅಂಚೆ ಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಮಾಡುವ ಹುಚ್ಚು ಹಿಡಿಯಿತು. ಡೊಂಬಿವಲಿಯಿಂದ ಠಾಣೆಗೆ ಒಂದು ಗಾಡಿ, ಅಲ್ಲಿಂದ ಬೇಲಾಪುರಕ್ಕೆ ಇನ್ನೊಂದು; ಅಲ್ಲಿನ ಒಂದು ಆಫೀಸಿನ ಅಕೌಂಟ್ಸ್ ವಿಭಾಗದಲ್ಲಿ ನನ್ನ ಕೆಲಸ. ನಮ್ಮ ಲೇಡೀಸ್ ಡಬ್ಬಿಯಲ್ಲಿ ಒಬ್ಬಳು ಮೆಂತ್ಯೆ ಸೊಪ್ಪು ಬಿಡಿಸುತ್ತಾಳೆ, ಇನ್ನೊಬ್ಬಳು ವಿಷ್ಣು ಸಹಸ್ರನಾಮ ಹೇಳುತ್ತಾಳೆ, ಮತ್ತೊಬ್ಬಳು ನೈಟಿ ಮಾರುತ್ತಾಳೆ. ಯಾವ ವಿದ್ಯೆಯೂ ಇಲ್ಲದ ನಾನು ಬಾಯಿ ತೆರೆದು ನಿದ್ದೆ ಮಾಡುತ್ತಿದ್ದೆ. ಒಂದು ದಿನ ಎಚ್ಚರವಾದಾಗ ಎಲ್ಲರೂ ನನ್ನನ್ನೇ ನೋಡಿ ನಗುತ್ತಿದ್ದರು. ಆ ಅವಮಾನಕ್ಕೆ, ‘ನೋಡ್ತಾ ಇರಿ, ಎಂ.ಎ. ಮುಗಿಸಿ ಇದೇ ಡಬ್ಬಿಗೆ ಪೇಢೆ ಹಂಚುತ್ತೇನೆ’ ಎಂದುಬಿಟ್ಟೆ. ಲೇಡೀಸ್ ಡಬ್ಬಿಯಲ್ಲಿ ಆಡಿದ ಮಾತು ಪೇಪರಿನಲ್ಲಿ ಹಾಕಿಸಿದ್ದಕ್ಕಿಂತ ಗಟ್ಟಿ. ಇನ್ನು ಫೇಲಾದರೆ ಇವರಿಗೆ ಮುಖ ತಪ್ಪಿಸಲು ಬೇರೆ ಗಾಡಿ ಹಿಡಿಯಬೇಕು, ಅಷ್ಟೇ.

ಕೊನೆಗೆ ಒಂದು ಪ್ರಬಂಧ ಬರೆಯಬೇಕಿತ್ತು. ಹತ್ತೊಂಬತ್ತನೇ ಶತಮಾನದ ಠಾಣೆ ಜಿಲ್ಲೆಯ ಸಮಾಜ, ಆಗಿನ ಜನಗಣತಿ ವರದಿಗಳ ಕಣ್ಣಿನಲ್ಲಿ ಎಂಬ ವಿಷಯ ಆರಿಸಿಕೊಂಡೆ. ಕಾರಣ ಘನವಾದದ್ದೇನಲ್ಲ. ಮರಾಠಿಯ ಮೋಡಿ ಲಿಪಿಯ ಹಳೇ ಕಾಗದ ಓದುವುದು ನನ್ನಿಂದಾಗದು. ಅಂಕಿಗಳಾದರೆ ಆಫೀಸಿನಲ್ಲಿ ದಿನಾ ನೋಡುವ ನೆಂಟರೇ. ಆ ವರದಿಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಗಾಡಿಯಲ್ಲಿ ಓದತೊಡಗಿದೆ. ಅದರಲ್ಲಿ ಒಬ್ಬರ ಹೆಸರೂ ಇಲ್ಲ, ಬರೀ ಲೆಕ್ಕ. ಇಷ್ಟು ಜನ ಮೀನು ಹಿಡಿಯುವವರು, ಇಷ್ಟು ಜನ ಉಪ್ಪು ಮಾಡುವವರು, ಇಷ್ಟು ಜನ ಭತ್ತ ಬೆಳೆಯುವವರು. ಓದುತ್ತ ಓದುತ್ತ ಕಿಟಕಿಯಾಚೆ ಐರೋಲಿಯ ಕಟ್ಟಡಗಳು ಮಾಯವಾಗಿ ಉಪ್ಪಿನ ಗದ್ದೆ ಕಾಣಿಸುತ್ತಿತ್ತು. ನಿಜ ಹೇಳುತ್ತೇನೆ, ಒಂದೆರಡು ಸಲ ಇಳಿಯುವ ಸ್ಟೇಷನ್ನೇ ತಪ್ಪಿತು.

ಆಮೇಲೆ ವಯಸ್ಸಿನ ಕೋಷ್ಟಕ ಸಿಕ್ಕಿತು. ಮೂವತ್ತು ವಯಸ್ಸಿನವರು ಜಾತ್ರೆಯ ಹಾಗೆ ಸೇರಿದ್ದಾರೆ. ಮೂವತ್ತೊಂದಕ್ಕೆ ಬಂದರೆ ನರಪಿಳ್ಳೆಯೂ ಇಲ್ಲ ಅನ್ನಬೇಕು, ಅಷ್ಟು ಕಡಿಮೆ. ನಲವತ್ತಕ್ಕೆ ಪುನಃ ನೂಕುನುಗ್ಗಲು, ನಲವತ್ತೊಂದು ಖಾಲಿ. ಮೂವತ್ತರ ರಾತ್ರಿ ಮಲಗಿದ ಜಿಲ್ಲೆ ನಲವತ್ತಕ್ಕೇ ಎದ್ದಿತೇ? ಆಮೇಲೆ ಹೊಳೆಯಿತು: ಯಾರಿಗೂ ತಮ್ಮ ವಯಸ್ಸು ಗೊತ್ತಿಲ್ಲ. ಕೇಳಿದವನಿಗೆ ಬಾಯಿಗೆ ಬಂದ ದುಂಡು ಸಂಖ್ಯೆ ಹೇಳಿ ಕಳಿಸಿದ್ದಾರೆ! ಕಂಡುಹಿಡಿದ ಅಮಲಿನಲ್ಲಿ ಒಂದು ಅಧ್ಯಾಯವನ್ನೇ ಬರೆದು ‘ಅಜ್ಞಾನದ ಅಂಕಿಗಳು’ ಎಂದು ತಲೆಬರಹ ಕೊಟ್ಟೆ. ತಮ್ಮ ಹುಟ್ಟೇ ತಿಳಿಯದ ಈ ಜನರಲ್ಲಿ ಕಾಲದ ಪ್ರಜ್ಞೆಯೇ ಇರಲಿಲ್ಲ ಎಂದು ಬರೆದು ಅಂಚೆಗೂ ಹಾಕಿಬಿಟ್ಟೆ. ಮಗಳು ಓದಿ, ‘ಮಮ್ಮಿ, ಥೋಡಾ ಜ್ಯಾದಾ ಹೋ ಗಯಾ’ ಎಂದಳು, ಸ್ವಲ್ಪ ಅತಿಯಾಯಿತು ಅಂತ. ಕನ್ನಡದಲ್ಲಿ ಹೇಳಿದ್ದರೆ ಕೇಳುತ್ತಿದ್ದೆನೋ ಏನೋ.

ಮೌಖಿಕ ಪರೀಕ್ಷೆಯ ಹಿಂದಿನ ವಾರ ನಮ್ಮ ಕನ್ನಡ ಸಂಘದವರು ಎಂಬತ್ತು ದಾಟಿದವರಿಗೆ ಶಾಲು ಹೊದೆಸುವುದಾಗಿ ಸಾರಿದರು. ಅಲ್ಲಿಯತನಕ ನಮ್ಮ ಅತ್ತೆಗೆ ಡಾಕ್ಟರ ಹತ್ತಿರ ಎಪ್ಪತ್ತು, ಗಾಡಿಯಲ್ಲಿ ಸೀಟು ಬೇಕಾದಾಗ ಎಪ್ಪತ್ತೈದು. ಶಾಲಿನ ಸುದ್ದಿ ಕಿವಿಗೆ ಬಿದ್ದದ್ದೇ ತಡ, ‘ನಂಗೆ ಎಂಬತ್ತು ಆಯ್ತಲ್ಲ, ಹೆಸರು ಕೊಡು’ ಎಂದರು. ಅತ್ತೆ ಹೇಳಿದ್ದು ತುಳುವಿನಲ್ಲಿ; ಕನ್ನಡಕ್ಕೆ ತಂದರೆ ಅರ್ಧ ಖಾರ ಹೋಗುತ್ತದೆ.

‘ಅಮ್ಮ, ಆಧಾರ್‌ನಲ್ಲಿ ಎಪ್ಪತ್ತಾರು ಉಂಟು’ ಎಂದರು ನನ್ನ ಗಂಡ.

‘ಅದು ನೀನೇ ಬರೆಸಿದ್ದಲ್ವಾ? ನನ್ನ ಹತ್ರ ಕೇಳಿದ್ದಿಯಾ? ದೊಡ್ಡ ನೆರೆ ಬಂದ ವರ್ಷ ನನ್ನ ತೊಟ್ಟಿಲು ಅಟ್ಟಕ್ಕೆ ಹಾಕಿದ್ರು. ಅಲ್ಲಿಂದ ಲೆಕ್ಕ ಹಾಕು.’

‘ಆ ನೆರೆ ಯಾವ ವರ್ಷ ಬಂದದ್ದು?’

‘ನಾನು ಹುಟ್ಟಿದ ವರ್ಷ ಮಾರಾಯ!’

ನಾನು ನಕ್ಕೆ. ನಗಬಾರದಿತ್ತು. ಅತ್ತೆ ನನ್ನತ್ತ ತಿರುಗಿದರು. ‘ನಿಂದೇನು ದೊಡ್ಡ ಸರಿ ಉಂಟಾ? ನಿನ್ನದೂ ಜೂನ್ ಒಂದು, ಇವನದೂ ಜೂನ್ ಒಂದು. ಇವನು ಹುಟ್ಟಿದ್ದು ಅಷ್ಟಮಿಯ ಮರುದಿನ. ಶಾಲೆಗೆ ಸೇರಿಸುವಾಗ ಮಾಸ್ಟ್ರು ಬರೆದದ್ದು ಅದು.’

ನನ್ನ ನಗು ಅಲ್ಲೇ ನಿಂತಿತು. ಸತ್ಯವೇ. ನಾನು ಹುಟ್ಟಿದ್ದು ನವರಾತ್ರಿಯಲ್ಲಂತೆ. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿರಲಿ ಎಂದು ನಮ್ಮ ಕಾಲದ ಮಾಸ್ಟ್ರುಗಳು ಕಂಡ ಮಕ್ಕಳಿಗೆಲ್ಲ ಜೂನ್ ಒಂದನ್ನು ದಾನ ಮಾಡಿದ್ದರು. ನಮ್ಮ ಆಫೀಸಿನಲ್ಲಿ ಆ ದಿನ ಒಂದೇ ಕೇಕಿಗೆ ಐದಾರು ಜನ ಚೂರಿ ಹಿಡಿಯುತ್ತೇವೆ. ಯಾರೂ ನಿಜವಾಗಿ ಆ ದಿನ ಹುಟ್ಟಿದವರಲ್ಲ. ಇಂಥ ನಾನು ಆ ಬಡಪಾಯಿಗಳಿಗೆ ಕಾಲದ ಪ್ರಜ್ಞೆ ಇಲ್ಲ ಎಂದು ಬರೆದಿದ್ದೆ; ಅದು ಆಗಲೇ ಪರೀಕ್ಷಕರ ಕೈಸೇರಿತ್ತು. ಬಾಣಲೆಯಲ್ಲಿ ಒಗ್ಗರಣೆ ಸೀದು ಹೋದದ್ದೂ ನನಗೆ ತಿಳಿಯಲಿಲ್ಲ.

ಪರೀಕ್ಷೆ ಠಾಣೆಯಲ್ಲಿ. ಮೇಜಿನಾಚೆ ಇಬ್ಬರು: ಮಾತಾಡದೆ ಚಹಾ ಕುಡಿಯುತ್ತಿದ್ದ ಒಬ್ಬ ಮರಾಠಿ ಪ್ರೊಫೆಸರು, ಕಣ್ಣಿನಲ್ಲೇ ಬೆತ್ತ ಇಟ್ಟುಕೊಂಡಿದ್ದ ಒಬ್ಬ ಮೇಡಂ. ನನ್ನ ಹೆಸರು ಓದಿದ ಮೇಡಂ, ‘ಕನ್ನಡದವರೇನು? ನಮ್ದು ವಿಜಾಪುರ’ ಎಂದರು. ಬದುಕಿದೆ ಅಂದುಕೊಂಡೆ. ಅಷ್ಟರಲ್ಲಿ ಅವರ ಬೆರಳು ನೇರ ಅದೇ ಅಧ್ಯಾಯಕ್ಕೆ ಹೋಯಿತು.

‘ಇವ್ರಿಗೆಲ್ಲ ಅಜ್ಞಾನ ಅಂತ ಬರದೀರಿ. ಇರ್ಲಿ. ನಿಮ್ಮ ಹುಟ್ಟಿದ ತಾರೀಖು ಯಾವುದ್ರಿ?’

‘ಜೂನ್ ಒಂದು, ಮೇಡಂ.’

‘ಖರೇನs?’

ಸುಳ್ಳು ಹೇಳಿ ದಕ್ಕಿಸಿಕೊಳ್ಳುವ ಮುಖ ನನ್ನದಲ್ಲ. ‘ಅಲ್ಲ ಮೇಡಂ, ಅದು ಶಾಲೆಯದು. ನಿಜವಾದದ್ದು ನವರಾತ್ರಿ. ಮೊನ್ನೆ ನಮ್ಮ ಅತ್ತೆ ನೆನಪಿಸುವವರೆಗೂ ಈ ಅಧ್ಯಾಯ ನನ್ನ ಬಗ್ಗೆಯೇ ಅಂತ ಗೊತ್ತಿರಲಿಲ್ಲ’ ಎಂದುಬಿಟ್ಟೆ.

ಮೇಡಂ ಮುಖ ನೋಡಲು ಧೈರ್ಯವಾಗಲಿಲ್ಲ. ನಗು ಕೇಳಿಸಿದಾಗ ತಲೆಯೆತ್ತಿದೆ. ‘ನಂದೂ ಜೂನ್ ಒಂದs ನೋಡ್ರಿ!’ ಎನ್ನುತ್ತ ಪಕ್ಕದವರಿಗೆ ಮರಾಠಿಯಲ್ಲಿ ವಿಷಯ ತಿಳಿಸಿದರು. ಅವರು ಚಹಾ ಕೆಳಗಿಟ್ಟು, ‘ಮಾಝೀಪಣ್ ಏಕ್ ಜೂನಚ್’ ಎಂದರು, ಅವರದೂ ಜೂನ್ ಒಂದೇ. ಇಡೀ ಪರೀಕ್ಷೆಯಲ್ಲಿ ಅವರು ಆಡಿದ್ದು ಅದೊಂದೇ ಮಾತು.

‘ಮತ್ತ ನೂರು ವರ್ಷ ಆದಮ್ಯಾಲ ನಮ್ಮ ಲೆಕ್ಕ ಓದೋರು ಏನು ಬರೀತಾರ?’ ಎಂದು ಮೇಡಂ ಕೇಳಿದರು.

‘ಆ ಕಾಲದ ಹೆಂಗಸರು ಬೇಸಿಗೆ ರಜೆ ಮುಗಿಸಿಯೇ ಹೆರುತ್ತಿದ್ದರು ಅಂತ ಬರೆಯುತ್ತಾರೆ, ಮೇಡಂ.’

ಪಾಸಾದೆ. ತಲೆಬರಹ ಬದಲಿಸಬೇಕು, ಆ ಜನ ಕಾಲವನ್ನು ನೆರೆ, ಬರ, ಮದುವೆಗಳಿಂದ ಹೇಗೆ ಎಣಿಸುತ್ತಿದ್ದರು ಎಂದು ಎರಡು ಪುಟ ಸೇರಿಸಬೇಕು ಎಂಬ ಷರತ್ತು ಅಷ್ಟೆ. ಎರಡಲ್ಲ, ಕೇಳಿದ್ದರೆ ಇಪ್ಪತ್ತು ಬರೆಯುತ್ತಿದ್ದೆ. ಹೊರಗೆ ಬಂದು ಠಾಣೆ ಸ್ಟೇಷನ್ನಿನ ಆ ನೂಕುನುಗ್ಗಲಿನಲ್ಲಿ ಒಂದು ವಡಾಪಾವ್ ತಿಂದೆ ನೋಡಿ, ಜನ್ಮದಲ್ಲಿ ಅಂಥ ರುಚಿ ಕಂಡಿರಲಿಲ್ಲ. ಮಾರನೆಯ ದಿನ ಡಬ್ಬಿಯಲ್ಲಿ ಪೇಢೆ ಹಂಚಿ ಬೇಲಾಪುರದವರೆಗೂ ಹಕ್ಕಿನಿಂದ ನಿದ್ದೆ ಹೊಡೆದೆ.

ಅತ್ತೆಗೂ ಶಾಲು ಸಿಕ್ಕಿತು. ಸಂಘದವರು ನೆರೆಯ ಲೆಕ್ಕವನ್ನು ಒಪ್ಪಿಕೊಂಡರು. ಅದೇ ವೇದಿಕೆಯಲ್ಲಿ ನನಗೂ ಒಂದು ಹೂಗುಚ್ಛ. ಪರಿಚಯ ಮಾಡಿಕೊಡುವ ಕಾರ್ಯದರ್ಶಿ ಮೈಕು ಕೈಯಿಂದ ಮುಚ್ಚಿ, ‘ಅಕ್ಕ, ನಿಮ್ಮ ವಯಸ್ಸು ಎಷ್ಟಂತ ಹೇಳ್ಲಿ?’ ಎಂದು ಪಿಸುಗುಟ್ಟಿದರು.

‘ಐವತ್ತು’ ಎಂದೆ.

ಶಾಲಿನೊಳಗಿಂದ ಅತ್ತೆಯ ಮೊಣಕೈ ತಿವಿಯಿತು. ‘ಐವತ್ತು ಆಗಿ ಎಷ್ಟು ಸಮಯ ಆಯ್ತು ಮಾರಾಯ್ತಿ?’

ಓದುಗರೇ, ನಿಮಗೂ ಮೇಲೆ ‘ಐವತ್ತನೇ ವಯಸ್ಸಿನಲ್ಲಿ’ ಎಂದೇ ಹೇಳಿದ್ದೇನೆ. ತಿದ್ದೋಣವೆಂದು ಪೆನ್ನು ಎತ್ತಿದೆ. ಐವತ್ತಮೂರೋ, ಐವತ್ತನಾಲ್ಕೋ? ನವರಾತ್ರಿಯಿಂದ ಎಣಿಸಬೇಕೋ, ಜೂನ್ ಒಂದರಿಂದಲೋ? ಇರಲಿ ಬಿಡಿ, ಐವತ್ತೇ ಇರಲಿ. ಮುಂದೆ ಯಾರಾದರೂ ಓದಿ ನಗುವವರು ಬೇಕಲ್ಲ.