ಏಳನೇ ನಂಬರಿನವನ ಅಹವಾಲು

ಇಂದ:
ಕೊರಗಪ್ಪ,
ಮೇಲ್ವಿಚಾರಕ (ಸದ್ಯಕ್ಕೆ ಚಟ್ನಿ ವಿಭಾಗ),
ಸ್ಟೇಷನ್ ಹತ್ತಿರದ ಉಡುಪಿ ಹೋಟೆಲ್, ಜೋಗೇಶ್ವರಿ ಪೂರ್ವ.

ಗೆ:
ಮಾನ್ಯ ದೋಷಪತ್ತೆ ಸಾಫ್ಟ್‌ವೇರ್‌ನವರು,
ಪವಾಯಿ.

ವಿಷಯ: ಆರ್ಡರ್ ಯಂತ್ರ ಕೆಡಲು ನಾನೇ ಕಾರಣವೆಂದು ತಾವು ಕಂಡುಹಿಡಿದ ಬಗ್ಗೆ.
ಉಲ್ಲೇಖ: ತಮ್ಮ ವರದಿ, ಪುಟ 3, ಕೆಂಪು ಗೆರೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಟೇಬಲಿನ ಆರ್ಡರನ್ನು ಅಡುಗೆಮನೆಗೆ ಮುಟ್ಟಿಸುವ ಯಂತ್ರವೊಂದು ನಮ್ಮಲ್ಲಿದ್ದು, ಮುಟ್ಟಿದರೆ ಪಾಸ್, ನಡುವೆ ಸಿಕ್ಕಿಕೊಂಡರೆ ಫೇಲ್ ಎಂದು ಅದರಲ್ಲಿ ದಾಖಲಿಸುವ ಪದ್ಧತಿ ಇರುತ್ತದೆ. ತಾವು ಮೂರು ತಿಂಗಳ ದಾಖಲೆ ಓದಿ, ಫೇಲಾದ 212 ಸಲವೂ ಏಳನೇ ನಂಬರ್ ಇದೆ, ಪಾಸಾದ ಒಂದರಲ್ಲೂ ಇಲ್ಲ ಎಂದು ಪತ್ತೆ ಹಚ್ಚಿದ್ದೀರಿ. ಸಿಬ್ಬಂದಿ ಪಟ್ಟಿಯ ಆ ಏಳನೇ ನಂಬರ್ ನಾನು. ಸಣ್ಣ ಧಣಿ ಹಿತೇಶ್ ನನ್ನನ್ನು ಕರೆದು, "ಅಂಕಲ್, ಬುರಾ ಮತ್ ಮಾನೋ, ಬೇಜಾರು ಮಾಡ್ಬೇಡಿ. ನಾನು ಹೇಳುದಲ್ಲ, ಡೇಟಾ ಹೇಳ್ತದೆ" ಎಂದರು. ತಿಂಗಳ ಕೊನೆಗೆ ನನ್ನ ಕೆಲಸ ಮುಗಿಯುತ್ತದಂತೆ. ಆದ್ದರಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಯಂತ್ರ ಸರಿ ಇರುವಾಗ ನನ್ನನ್ನು ಯಾರೂ ಕರೆಯುವುದಿಲ್ಲ. ಸಿಕ್ಕಿಕೊಂಡ ಮೇಲೆ ವೇಟರ್ ಧನರಾಜ್ ಕೂಗುತ್ತಾನೆ. ನಾನು ಹೋಗಿ ಏಳನೇ ನಂಬರ್ ಹಾಕಿ, ಫೇಲ್ ಗುಂಡಿ ಒತ್ತಿ, ಆರ್ಡರನ್ನು ಮತ್ತೆ ಕಳಿಸುತ್ತೇನೆ. ಸಾಂಬಾರು ಚೆಲ್ಲಿದಲ್ಲೆಲ್ಲ ಒರೆಸುವ ಬಟ್ಟೆಯೂ ಇರುತ್ತದೆ. ಆ ಕಾರಣ ಚೆಲ್ಲಿದ್ದು ಬಟ್ಟೆಯೇ ಎಂದು ನಮ್ಮ ಹೋಟೆಲಿನಲ್ಲಿ ಈವರೆಗೆ ಯಾರೂ ವರದಿ ಬರೆದಿಲ್ಲ.

2. ಯಂತ್ರ ಮುಟ್ಟಬಾರದೆಂದು ಆದೇಶವಾದ ಕಾರಣ ಭಾನುವಾರ ನಾನು ದೂರ ನಿಂತಿದ್ದೆ. ಹನ್ನೊಂದನೇ ಟೇಬಲಿನ ಅಜ್ಜಿ ಒಂದು ಪ್ಲೇಟ್ ಇಡ್ಲಿಗೆ ನಲವತ್ತು ನಿಮಿಷ ಕಾದು, ನೀರು ಕುಡಿದು ಎದ್ದು ಹೋದರು. ಅಂಥವರು ಒಟ್ಟು ಒಂಬತ್ತು ಜನ. ತಮ್ಮ ಆ ದಿನದ ವರದಿಯಲ್ಲಿ ಫೇಲ್ ಸೊನ್ನೆ, ಏಕೆಂದರೆ ಫೇಲ್ ಗುಂಡಿ ಒತ್ತುವವನೇ ಇರಲಿಲ್ಲ. ಸಣ್ಣ ಧಣಿ ಖುಷಿಯಲ್ಲಿ ಪೇಡಾ ಹಂಚಿದರು.

3. ಪೇಡಾ ನನಗೂ ಕೊಟ್ಟರು. ಇಪ್ಪತ್ತಾರು ವರ್ಷಗಳ ಸೇವೆಯಲ್ಲಿ ಸಿಟ್ಟು, ನಾಚಿಕೆ ಎರಡೂ ಒಟ್ಟಿಗೆ ಇಷ್ಟು ಬಂದದ್ದಿಲ್ಲ.

ಆದ್ದರಿಂದ, ಯಂತ್ರ ಚೆನ್ನಾಗಿ ನಡೆಯುತ್ತಿರುವಾಗಲೂ ದಿನಕ್ಕೆ ನೂರು ಸಲ ಏಳನೇ ನಂಬರ್ ಹಾಕಿ ಸುಮ್ಮನೆ ನಿಲ್ಲಲು ಅನುಮತಿ ನೀಡಿ, ನನ್ನನ್ನೂ ಪಾಸಾದವರ ಸಾಲಿಗೆ ಸೇರಿಸಬೇಕೆಂದು ಕೋರುತ್ತೇನೆ.

ತಮ್ಮಿಂದ ಫೇಲಾದ, ಆದರೂ ತಮ್ಮ ವಿಶ್ವಾಸಿ,
ಕೊರಗಪ್ಪ

ಲಗತ್ತುಗಳು:
1. ವರದಿಯ ಮೂರನೇ ಪುಟ.
2. ಧನರಾಜನ ಹೇಳಿಕೆ (ಹಿಂದಿಯಲ್ಲಿ).
3. ಹನ್ನೊಂದನೇ ಟೇಬಲಿನ ಇಡ್ಲಿ ಚೀಟಿ. ಅಡುಗೆಮನೆ ತಲುಪಿದ್ದು ಸೋಮವಾರ.

ವಿ.ಸೂ.: ಇದನ್ನು ಬರೆಯುತ್ತಿರುವಾಗಲೇ ನಾಲ್ಕನೇ ಟೇಬಲಿನ ಆರ್ಡರ್ ಸಿಕ್ಕಿಕೊಂಡಿದೆ. "ಅಂಕಲ್, ಜರಾ ನೋಡಿ" ಎಂದು ಸಣ್ಣ ಧಣಿಯೇ ಕರೆಯುತ್ತಿದ್ದಾರೆ. ಏಳನೇ ನಂಬರ್ ಹಾಕಬೇಕೇ ಬೇಡವೇ ಎಂಬುದನ್ನು ತುರ್ತಾಗಿ ತಿಳಿಸಬೇಕಾಗಿ ವಿನಂತಿ. ಗಿರಾಕಿ ಕಾಯುತ್ತಿದ್ದಾರೆ.